ಹಾಲು ಹೆಚ್ಚಾದ ಮುಖಗಳು

ತಂಗಿ ಕೊಟ್ಟ ಪುಸ್ತಕದ ಚೀಲವನ್ನು ನಾನು ಬಿಚ್ಚಲಿಲ್ಲ. ಮೊದಲು ಬಿಚ್ಚಿ ನೋಡು, ಆಮೇಲೆ ಕೆಲಸ ಶುರು ಮಾಡು ಎಂದು ಅವಳು ಹೇಳಿಯೇ ಹೋಗಿದ್ದಳು. ನಾನು ತಲೆಯಾಡಿಸಿ ಅದನ್ನು ಕಂಪ್ಯೂಟರ್ ಮೇಜಿನ ಅಡಿಗೆ, ಶಾಯಿಯ ಖಾಲಿ ಬಾಟಲಿಗಳ ಪಕ್ಕಕ್ಕೆ ಕಾಲಿನಲ್ಲೇ ತಳ್ಳಿದೆ.

ಕುಂದಾಪುರ ಬಸ್ ನಿಲ್ದಾಣದ ಹತ್ತಿರದ ಒಂದು ಬ್ಯಾನರ್ ಅಂಗಡಿಯಲ್ಲಿ ನನಗೆ ಕೆಲಸ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಕಂಪ್ಯೂಟರನ್ನು ಅಂಗಡಿಯಲ್ಲೇ ಕೂತು ಕಲಿತೆ. ತಂಗಿ ಓದಿದಳು. ಈಗ ವಂಡ್ಸೆ ಕಡೆಯ ಒಂದು ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಇನ್ನೊಂದು ಮಾತನ್ನೂ ಇಲ್ಲೇ ಬರೆದುಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಬೆಳ್ಳಗಿದ್ದೇನೆ, ಅವಳು ಕಪ್ಪಗಿದ್ದಾಳೆ. ಮನೆಗೆ ಬಂದ ನೆಂಟರು ಮೊದಲು ನನ್ನ ಗಲ್ಲ ಹಿಡಿಯುತ್ತಿದ್ದರು.

ಒಂದು ವರ್ಷದಿಂದ ತಂಗಿ ಕಪ್ಪು ಜನಾಂಗದ ಲೇಖಕರು ಮಕ್ಕಳಿಗಾಗಿ ಬರೆದ ಪುಸ್ತಕಗಳನ್ನು ಅಲ್ಲಿ ಇಲ್ಲಿ ಕೇಳಿ ತರಿಸುತ್ತಿದ್ದಳು. ಶನಿವಾರ ಶಾಲೆ ಮುಗಿದ ಮೇಲೆ ಮಕ್ಕಳು ಗ್ರಂಥಾಲಯದಲ್ಲಿ ಸೇರುತ್ತಾರೆ. ಅವಳು ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ನಮ್ಮ ಕುಂದಾಪ್ರ ಮಾತಿನಲ್ಲಿ ಕಥೆ ಹೇಳುತ್ತಾಳೆ. ಚಿಕ್ಕಮ್ಮನ ಜತೆ ಬಂದರಿನಲ್ಲಿ ಮೀನು ಮಾರುವ ಹುಡುಗಿ, ನೀರು ಕಂಡರೆ ಓಡುವ ಹುಡುಗ, ಬಸ್ಸು ಓಡಿಸಲು ಕಲಿಯುವ ಅಮ್ಮ. ದೊಡ್ಡ ಮಕ್ಕಳಿಗೆ, ಅಣ್ಣನ ಜತೆ ಮಾತು ಬಿಟ್ಟ ಹುಡುಗಿಯೊಬ್ಬಳ ದಪ್ಪ ಕಾದಂಬರಿ. ಆ ಊರುಗಳ ಹೆಸರು ನಾಲಿಗೆಗೆ ಬರದೆ ಮಕ್ಕಳು ಬಂದರನ್ನು ಗಂಗೊಳ್ಳಿ ಮಾಡಿಕೊಂಡಿದ್ದರು. ಬಸ್ಸು ಕೊಲ್ಲೂರಿಗೆ ಹೋಗುತ್ತಿತ್ತು.

ಪಂಚಾಯತಿಯ ಸದಸ್ಯರೊಬ್ಬರು ಕೇಳಿದ್ದರಂತೆ. "ಅಲ್ಲ ತಂಗಿ, ನಮ್ ಮಕ್ಕಳಿಗೆ ಆ ಕಪ್ಪ್ ಜನರ ಪುಸ್ತಕ ಎಂತಕೆ?"

"ನಮ್ ಮಕ್ಕಳ್ ಎಂತ ಬಣ್ಣ ಅಂದೇಳಿ ಒಂದ್ಸಲ ಕಂಡ್ಕಣಿ," ಎಂದಳಂತೆ ಇವಳು. ಅವರು ನಕ್ಕು, ಪ್ರದರ್ಶನಕ್ಕೆ ಸಭಾಭವನವನ್ನೇ ಬಿಟ್ಟುಕೊಟ್ಟರು.

ಪ್ರದರ್ಶನ ಎಂದರೆ ಆ ಪುಸ್ತಕಗಳದ್ದೇ. ಮೇಜಿನ ಮೇಲೆ ಪುಸ್ತಕ, ಹಿಂದೆ ಪ್ರತಿ ಪುಸ್ತಕಕ್ಕೊಂದು ದೊಡ್ಡ ಬಟ್ಟೆಯ ಬ್ಯಾನರ್. ಬ್ಯಾನರಿನ ಮೇಲೆ, ಕಥೆ ಕೇಳಿದ ಮಕ್ಕಳೇ ಬರೆದ ಚಿತ್ರ. ಇಲ್ಲಿ ಮುಗಿದ ಮೇಲೆ ಬೈಂದೂರಿನ ಒಂದು ಶಾಲೆಗೆ, ಆಮೇಲೆ ಬ್ರಹ್ಮಾವರದ ಕಡೆಗೆ ಹೋಗಬೇಕು ಎಂದು ಅವಳು ಮಾತಾಡಿಟ್ಟಿದ್ದಳು. ಚಿತ್ರಗಳನ್ನೂ ಪುಸ್ತಕದ ಚೀಲವನ್ನೂ ಹೊತ್ತು ಅಂಗಡಿಗೆ ಬಂದಳು.

"ಅಕ್ಕಯ್ಯ, ಮೊದ್ಲ್ ಪುಸ್ತಕ ಕಾಣ್. ಇದ್ರೊಳ್ಗೆ ಒಬ್ಬೊಬ್ಬರ ಬಣ್ಣ ಒಂದೊಂದ್ ನಮೂನಿ. ಮಕ್ಕಳ್ ಅದನ್ನೇ ಕಂಡ್ ಕಂಡ್ ಬಣ್ಣ ಕಲ್ಸಿದ್ದ್. ಈ ಚಿತ್ರ ಮಾಡಿದ ಹೆಣ್ಣ್ ಇದ್ಲಲ್ದಾ, ಅವ್ಳ್ ಮುಂಚೆ ಯಾರ್ ಮೋರೆ ಮಾಡಿದ್ರೂ ಆ ತಿಳಿ ಗುಲಾಬಿ ಕ್ರೇಯಾನೇ ತೆಕ್ಕಂತಿದ್ಲ್. ತನ್ನಮ್ಮನ್ ಮೋರಿಗೂ."

"ಆಯ್ತ್ ಮಾರಾಯ್ತಿ, ಕಾಂತೆ."

"ಕಾಣ್ದೆ ಶುರು ಮಾಡ್ಬೇಡ."

ಅವಳು ತೋರಿಸಿದ ಚಿತ್ರ ಮೀನು ಮಾರುವ ಹುಡುಗಿಯದು. ಬರೆದವಳು ಆರನೆಯ ಕ್ಲಾಸಿನ ಹುಡುಗಿ. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ. ಮದುವೆಯ ಹಂಗಾಮು, ನನ್ನ ಕಣ್ಣು ಗಡಿಯಾರದ ಮೇಲಿತ್ತು. ಇನ್ನೊಂದು ಕಾರಣವೂ ಇತ್ತು. ಇಂಗ್ಲಿಷ್ ಪುಸ್ತಕ ತೆರೆದು ಕೂತರೆ ಅಂಗಡಿಯಲ್ಲಿ ಯಾರಾದರೂ "ಓದ್ತಿದ್ಯಾ?" ಎಂದು ಕೇಳುತ್ತಾರೆ ಎಂಬ ಅಂಜಿಕೆ.

ನಮ್ಮ ಅಂಗಡಿಯ ಒಂದು ಪದ್ಧತಿಯನ್ನು ಹೇಳಬೇಕು. ಯಾವ ಮುಖ ಬಂದರೂ ಬೆಳ್ಳಗೆ ಮಾಡುತ್ತೇವೆ. ಮೊದಮೊದಲು ಜನ ಕೇಳುತ್ತಿದ್ದರು, "ಸ್ವಲ್ಪ ಬೆಳಿ ಮಾಡಿ ಅಕಾ?" ಎಂದು. ಈಗ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮದುಮಗಳು, ಹುಟ್ಟುಹಬ್ಬದ ಮಗು, ಚುನಾವಣೆಗೆ ನಿಂತವರು, ಕೊನೆಗೆ ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ತೀರಿಹೋದವರು ಕೂಡ. ಅದಕ್ಕೆ ಬೇಕಾದ ಹಂತಗಳನ್ನೆಲ್ಲ ನಾನು ಕೀಬೋರ್ಡಿನ ಒಂದೇ ಗುಂಡಿಗೆ ಕಟ್ಟಿಟ್ಟಿದ್ದೆ. ಒತ್ತಿದರೆ ಮುಖ ತಿಳಿಯಾಗುತ್ತದೆ, ಕಲೆ ಚುಕ್ಕೆ ಅಳಿಯುತ್ತದೆ, ಕೆನ್ನೆ ನುಣುಪಾಗುತ್ತದೆ.

ಮಕ್ಕಳ ಚಿತ್ರಗಳು ನಮ್ಮ ಸ್ಕ್ಯಾನರಿಗಿಂತ ದೊಡ್ಡವು. ಎರಡೆರಡು ತುಂಡಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿದೆ. ಒಂದು ಸಣ್ಣ ತುಂಡು ಬಟ್ಟೆಯ ಮೇಲೆ ಪರೀಕ್ಷೆಗೆ ಪ್ರಿಂಟ್ ತೆಗೆದೆ. ಮುಖವೇ ಇಲ್ಲ. ಬಟ್ಟೆ ಶಾಯಿ ಕುಡಿಯುತ್ತದೆ. ಗಾಢ ಬಣ್ಣ ಮಸಿಯಾಗಿ ಹರಡಿ ಕಣ್ಣು, ಮೂಗು, ಬಾಯಿ ಎಲ್ಲ ಅದರೊಳಗೆ ಮುಳುಗಿದ್ದವು. ಮರುದಿನವೇ ಬ್ಯಾನರ್ ತಲುಪಿಸಬೇಕು. ಆಗ ಬೆರಳು ತಾನಾಗಿ ಆ ಗುಂಡಿಯ ಮೇಲೆ ಹೋಯಿತು.

ಮುಖಗಳು ಎದ್ದು ಬಂದವು. ಮೀನು ಮಾರುವ ಹುಡುಗಿಯ ಕೂದಲಿನಲ್ಲಿ ಏನೋ ಸಣ್ಣ ಸಣ್ಣ ಸುಳಿಗಳಿದ್ದವು. ಕುಂಚ ತಪ್ಪಿದ್ದೆಂದು ಎಣಿಸಿ ಅದನ್ನೂ ಒರೆಸಿದೆ. ಅಂಗಡಿಯ ಯಜಮಾನರು ಹಿಂದಿನಿಂದ ಬಗ್ಗಿ ನೋಡಿ, "ಹಾಂ, ಈಗ ಮೋರೆಗೊಂದ್ ಕಳೆ ಬಂತ್ ಕಾಣ್," ಎಂದರು. ನನಗೂ ಸಮಾಧಾನವಾಯಿತು. ಎಲ್ಲವನ್ನೂ ಸೇವ್ ಮಾಡಿ ಪ್ರಿಂಟಿಗೆ ಬಿಟ್ಟೆ.

ಮರುದಿನ ಬ್ಯಾನರಿನ ಸುರುಳಿ, ಮಕ್ಕಳ ಚಿತ್ರಗಳು, ಬಿಚ್ಚದ ಚೀಲ ಎಲ್ಲ ಹಿಡಿದು ನಾನೇ ಬಸ್ಸಿನಲ್ಲಿ ಹೋದೆ. ಮಕ್ಕಳು ಗ್ರಂಥಾಲಯದ ಜಗುಲಿಯಲ್ಲೇ ಕಾಯುತ್ತಿದ್ದರು. ನೆಲದ ಮೇಲೆ ಮೊದಲ ಬ್ಯಾನರ್ ಬಿಡಿಸಿದೆವು. ಮಕ್ಕಳ ಗಲಾಟೆ ನಿಂತಿತು. ಮೆಚ್ಚಿದ್ದಾರೆ ಎಂದುಕೊಂಡೆ.

ಚಿತ್ರ ಬರೆದ ಹುಡುಗಿ ಬಟ್ಟೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು: "ಇವ್ಳ್ ಯಾರ್?"

"ನೀನ್ ಮಾಡಿದ್ದೇ ಅಲ್ದಾ ಮಗಾ," ಎಂದೆ.

"ನಾನ್ ಮಾಡಿದ್ದಲ್ಲ ಇದ್. ನನ್ನವ್ಳ ತಲಿ ಮೇಲೆ ಗುಂಗುರಿತ್ತ್. ಕುಂಚದ ಹಿಂದಿನ ಕಡ್ಡಿಯಿಂದ ಒಂದೊಂದೇ ಮಾಡಿದ್ದೆ."

ಹಿಂದಿನಿಂದ ಯಾರೋ, "ಪೌಡರ್ ಬಡ್ಕಂಡ್ ಮದಿ ಮನಿ ಊಟಕ್ಕೆ ಹೊರಟಿದ್ಲ್!" ಎಂದರು. ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗಿ ನಗಲಿಲ್ಲ. ತನ್ನ ಮೂಲ ಚಿತ್ರವನ್ನು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಕಡೆ ಹೋಗಿ ನಿಂತಳು.

ತಂಗಿ ನನ್ನನ್ನು ನೋಡಿದಳು. ನಾನು ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಬಟ್ಟೆಯ ಮೇಲೆ ಕಪ್ಪು ನಿಲ್ಲುವುದಿಲ್ಲ, ಶಾಯಿ ಹೀರುತ್ತದೆ, ಮಿಷನ್ನೇ ಹಾಗೆ.

"ಪುಸ್ತಕ ಕಂಡ್ಯಾ ಅಕ್ಕಯ್ಯ?"

"ಹೂಂ. ಕಂಡೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು ಎಂದು ಈಗಲೂ ಹೆದರಿಕೆಯಾಗುತ್ತದೆ. ಅವಳು ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಅದರ ಬಾಯಿಗೆ ಹಳೆಯ ಸೀರೆಯ ಅಂಚಿನಿಂದ ಅವಳೇ ಹಾಕಿದ್ದ ಗಂಟು ಹಾಗೇ ಇತ್ತು. ಚಿಕ್ಕಂದಿನಿಂದ ಅವಳ ಗಂಟು ಬೇರೆ ಥರ, ಒಂದರೊಳಗೆ ಒಂದು ತೂರಿಸಿ ಎಳೆಯುವುದು. ಬಿಚ್ಚಿದವರು ಮತ್ತೆ ಹಾಗೆ ಹಾಕಲಾರರು. ಅವಳು ಅದರ ಮೇಲೆ ಬೆರಳಾಡಿಸಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಕ್ಕಳನ್ನು ಒಳಗೆ ಕಳಿಸಿದ ಮೇಲೆ ಅವಳು ಬ್ಯಾನರನ್ನು ಸುತ್ತುತ್ತಾ ತಗ್ಗಿದ ದನಿಯಲ್ಲಿ ಅಂದಳು: "ಇದನ್ನ್ ಹಾಕುದಿಲ್ಲ. ಗೋಡೆ ಖಾಲಿ ಇದ್ರೂ ಅಡ್ಡಿಲ್ಲ."

"ಜನ ಬತ್ರ್ ಅಲ್ದಾ? ಬೈಂದೂರಿನವ್ರಿಗೆ ಎಂತ ಹೇಳ್ತೆ?"

"ಅದ್ ನಾನ್ ಕಂಡ್ಕಂತೆ." ಸುರುಳಿ ಕಟ್ಟುತ್ತಾ ಮತ್ತೆ ಅಂದಳು, "ನನ್ನ ಮದಿ ಕಮಾನಿನ ಮೇಲೆ ಒಂದ್ ಹೆಣ್ಣಿನ ಫೋಟೋ ಇದ್ದಿತ್ತಲ್ದಾ ಅಕ್ಕಯ್ಯ. ಅವ್ಳ್ ಯಾರ್ ಅಂದೇಳಿ ನಂಗೆ ಇವತ್ತಿಗೂ ಗೊತ್ತಿಲ್ಲ."

ಮದುವೆ ಮನೆಯ ಆ ಕಮಾನಿನ ಬ್ಯಾನರ್ ಮಾಡಿದ್ದು ನಾನೇ. ಅದರ ಕೆಳಗೆ ನಿಂತು ಗಂಡಿನ ಕಡೆಯ ಮುದುಕಿಯೊಬ್ಬರು, ಮದುಮಗಳು ಎದುರಿಗೇ ಇದ್ದಾಗ, "ಹೆಣ್ಣ್ ಎಲ್ಲಿತ್ತ್?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

"ಚೀಲ ಕೊಡ್," ಎಂದೆ.

"ಎಂತಕೆ?"

"ಪುಸ್ತಕ ಕಾಂತೆ."

ಅವಳು ಕೊಟ್ಟಳು. ನಂಬಿ ಕೊಟ್ಟಂತಿರಲಿಲ್ಲ, ಬೇಡ ಎನ್ನಲು ಬೇಸರವಾಗಿ ಕೊಟ್ಟಂತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಲ್ಲಿನಲ್ಲಿ ಕಚ್ಚಿ ಗಂಟು ಬಿಚ್ಚಿದೆ. ಇಂಗ್ಲಿಷನ್ನು ನಾನು ಅಕ್ಷರ ಕೂಡಿಸಿ ಓದಬೇಕು, ಬಸ್ಸು ಕುಲುಕಿದರೆ ಅದೂ ಹೋಗುತ್ತದೆ. ಆದರೆ ಚಿತ್ರ ನೋಡುವುದು ನನ್ನ ದಿನದ ಕೆಲಸ. ಒಂದು ಮಗುವಿನ ಕೆನ್ನೆ ಮುರಕಲ್ಲಿನ ಹಾಗೆ ಕೆಂಪು ಬೆರೆತ ಕಂದು. ಇನ್ನೊಂದರದು ಹುರಿದ ಗೇರುಬೀಜದ ಸಿಪ್ಪೆ. ಬಸ್ಸು ಓಡಿಸುವ ಅಮ್ಮ ಹಣ್ಣಾದ ನೇರಳೆಯಂತೆ, ಒಳಗೆಲ್ಲೋ ನೀಲಿ. ಯಾವ ಮುಖವೂ ಮಸಿಯಾಗಿರಲಿಲ್ಲ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಬೆಳಕು ಬಿದ್ದಿತ್ತು. ಪುಸ್ತಕಗಳ ಬೆನ್ನಿಗೆ ಬರೆದವರ ಫೋಟೋಗಳಿದ್ದವು. ಕಪ್ಪು ಹೆಂಗಸರು, ಕಪ್ಪು ಗಂಡಸರು, ನಗುತ್ತಿದ್ದವರು, ಸಿಟ್ಟಿನಲ್ಲಿದ್ದಂತೆ ಕಂಡವರು. ಕಣ್ಣಿನ ಸುತ್ತ ನೆರಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಯಾರೋ ಎಲ್ಲೋ ಕೂತು ಈ ಮುಖಗಳನ್ನು ಇದ್ದ ಹಾಗೆ ಅಚ್ಚು ಹಾಕಿದ್ದಾರೆ. ಹಾಗಾದರೆ ಆಗುತ್ತದೆ. ನಾನು ಬಟ್ಟೆಯ ಮೇಲೆ ಹೊರಿಸಿದ ಮಾತು ಅಲ್ಲೇ ಬಿದ್ದುಹೋಯಿತು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬರು ಬಗ್ಗಿ ನೋಡಿದರು. "ಯಾರ್ದೆ ಈ ಶಿಶು? ನನ್ನ ಮೊಮ್ಮಗ್ಳ್ ಕಣ್ಣ್ ಬಿಟ್ಟ ಹಾಂಗೇ ಇತ್ತಲೆ!"

ಕುಂದಾಪುರದಲ್ಲಿ ಇಳಿದವಳೇ ಅಂಗಡಿಗೆ ಹೋಗಿ, ಬ್ಯಾನರ್ ಎಲ್ಲ ಮತ್ತೆ ಹಾಕಬೇಕು ಎಂದೆ.

"ನಿಂಗೆಂತ ಹುಚ್ಚಾ?" ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಸರಿ ಆದದ್ದನ್ನ ಮತ್ತೆ ಎಂತ ಸರಿ ಮಾಡುದ್? ಮಿಷನ್ ಖಾಲಿ ಇಲ್ಲ."

"ಭಾನುವಾರ ನಾನೊಬ್ಳೇ ಬಂದ್ ಮಾಡ್ತೆ. ನಿಮ್ಗೆ ಉಪದ್ರ ಇಲ್ಲ."

ಅವರು ಗೊಣಗಿ ಒಪ್ಪಿದರು. ಕೂತು ಫೈಲು ತೆರೆದಾಗ ನಿಜವಾದ ಪೆಟ್ಟು ಬಿತ್ತು. ಅವಸರದಲ್ಲಿ ನಾನು ಬಿಳಿ ಮಾಡಿದ್ದನ್ನು ಮೂಲದ ಮೇಲೆಯೇ ಸೇವ್ ಮಾಡಿದ್ದೆ. ಮೊದಲಿನ ಸ್ಕ್ಯಾನು ಎಲ್ಲೂ ಇಲ್ಲ. ಕಂಪ್ಯೂಟರಿನ ಕಸದ ಪೆಟ್ಟಿಗೆ, ಪೆನ್‌ಡ್ರೈವ್ ಎಲ್ಲ ಹುಡುಕಿದೆ. ಚಿತ್ರಗಳು ಗ್ರಂಥಾಲಯದಲ್ಲಿ. ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಆ ದಿನವೆಲ್ಲ ಮದುವೆಯ ಬ್ಯಾನರಿನ ಹೆಸರುಗಳನ್ನು ಒಂದರ ಮೇಲೊಂದು ತಪ್ಪು ಹೊಡೆದೆ. ಸಂಜೆಗೆ ಅವಳೇ ಫೋನ್ ಮಾಡಿದಳು.

"ಚಿತ್ರ ಮತ್ತೆ ಬೇಕ್," ಎಂದೆ. "ಎಲ್ಲ ಹೊಸ್ತಾಗಿ ಮಾಡ್ತೆ."

"ಉಳಿದದ್ದ್ ಇಲ್ಲೇ ಇತ್ತ್. ಮೀನಿನವ್ಳನ್ನ ಮಾತ್ರ ಅವ್ಳ್ ಕೊಡುದಿಲ್ಲ. ನಿಮ್ಮಕ್ಕ ಮತ್ತೆ ಬೆಳಿ ಮಾಡ್ತ್ರ್ ಅಂತಿದ್ಲ್."

"ಹಾಂಗಾರೆ ಅವ್ಳನ್ನೇ ಕರ್ಕಂಡ್ ಬಾ. ಎದ್ರಿಗೇ ಕೂಕಂಡ್ ಕಾಣ್ಲಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ನಾನು ಉಪದ್ರವಿಲ್ಲ ಎಂದದ್ದನ್ನು ಯಜಮಾನರು ನಂಬದೆ ತಾವೂ ಬಂದು ಮೂಲೆಯಲ್ಲಿ ಪೇಪರ್ ಹಿಡಿದು ಕೂತರು. ಹುಡುಗಿ ಚಿತ್ರವನ್ನು ನನ್ನ ಕೈಗೆ ಕೊಡದೆ ತಾನೇ ಸ್ಕ್ಯಾನರಿನ ಮೇಲೆ ಇಟ್ಟಳು.

ನಾನು ಮೊದಲು ಮಾಡಿದ ಕೆಲಸ, ಮುಖ ಬೆಳ್ಳಗೆ ಮಾಡುವ ಆ ಗುಂಡಿಗೆ ಕಟ್ಟಿದ್ದನ್ನೆಲ್ಲ ಅಳಿಸಿದ್ದು. ಇಲ್ಲದಿದ್ದರೆ ನನ್ನ ಬೆರಳನ್ನು ನಾನು ನಂಬುವಂತಿರಲಿಲ್ಲ.

ನಮ್ಮ ಮಿಷನ್ನಿನಲ್ಲಿ ನಾಲ್ಕು ಶಾಯಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಗಾಢ ಬಣ್ಣ ಬಂದರೆ ಮಿಷನ್ ಸುಮ್ಮನೆ ಕಪ್ಪು ಶಾಯಿ ಸುರಿಯುತ್ತದೆ. ಬಟ್ಟೆಯ ಮೇಲೆ ಮಸಿಯಾಗುವುದು ಅದೇ. ಕಪ್ಪು ಶಾಯಿಯನ್ನು ಆದಷ್ಟು ತಗ್ಗಿಸಿ, ಕಂದನ್ನು ಗುಲಾಬಿ, ಹಳದಿಯಿಂದ ಕಟ್ಟಿ, ನೀಲಿಯಿಂದ ಆಳ ಕೊಟ್ಟು ನೋಡೋಣ ಎಂದು ಹೊರಟೆ. ಮುಖ, ಕೂದಲಿನ ಒಂದು ತುಂಡನ್ನು ಪರೀಕ್ಷೆಗೆ ಮುದ್ರಿಸಿದ ಮೊದಲ ಬಟ್ಟೆಪಟ್ಟಿ ಇಟ್ಟಿಗೆಯ ಬಣ್ಣವಾಯಿತು. ಮುಂದಿನದರಲ್ಲಿ ನೀಲಿ ಹೆಚ್ಚಾಗಿ ಪಾಚಿ. ಇನ್ನೊಂದು ಹಸಿ ಇದ್ದಾಗ ಚೆನ್ನಾಗಿತ್ತು. ಒಣಗಿದ ಮೇಲೆ ಸುಣ್ಣ ಬಳಿದಂತೆ ಮಂಕಾಯಿತು. ಹಾಗಾಗಿ ಪ್ರತಿ ಪಟ್ಟಿಯನ್ನೂ ಒಣಗಿಸಿ, ಟ್ಯೂಬ್‌ಲೈಟನ್ನು ನಂಬದೆ ಬಾಗಿಲ ಬೆಳಕಿಗೆ ಒಯ್ದು ಹುಡುಗಿಯ ಚಿತ್ರದ ಪಕ್ಕ ಹಿಡಿದೆವು.

ಅವಳು ತಲೆಯನ್ನು ಓರೆ ಮಾಡಿ ನೋಡುವಳು. "ಇನ್ನೂ ಹಾಲ್ ಹೆಚ್ಚಾಯ್ತ್. ಕಮ್ಮಿ ಮಾಡಿ."

"ಎಂತ ಹಾಲ್ ಮಗಾ?"

"ಚಾಯಕ್ಕೆ ಹಾಕ್ತ್ರಲ್ದಾ, ಆ ಹಾಲ್."

ಮೂಲೆಯಿಂದ ಯಜಮಾನರು ಪೇಪರ್ ತಗ್ಗಿಸಿ, "ಇನ್ನ್ ಸಕ್ರಿ ಎಷ್ಟ್ ಅಂದೇಳಿ ಕೇಂಬುದೊಂದ್ ಬಾಕಿ," ಎಂದರು. ತಂಗಿ ನಕ್ಕಳು. ಅಂಗಡಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನ್ನ ಕಡೆ ನೋಡಿ ಮಾತ್ರ ನಕ್ಕಿರಲಿಲ್ಲ.

ತೆಳು ಬಟ್ಟೆ ಬಿಟ್ಟು ದಪ್ಪ ಬಟ್ಟೆಯ ಉರುಳೆ ಹಾಕಿದೆ. ಮಿಷನ್ನನ್ನು ನಿಧಾನದ ಓಟಕ್ಕೆ ತಂದು, ಬಟ್ಟೆ ಒಣಗಿಸುವ ಬಿಸಿಯನ್ನು ಸ್ವಲ್ಪ ಏರಿಸಿದೆ. ಗುಲಾಬಿ ಶಾಯಿ ಚಿಮ್ಮುವ ತೂತು ಕಟ್ಟಿಕೊಂಡು ಪಟ್ಟಿಯ ತುಂಬ ಗೀರು ಬಿತ್ತು. ತೊಳೆದು ಮತ್ತೆ ಹಾಕಿದೆ. ಇವತ್ತು ಆಗದಿದ್ದರೆ ಖಾಲಿ ಗೋಡೆಯೇ ಗತಿ. ಆಮೇಲೆ ತಂಗಿ ನನ್ನ ಹತ್ತಿರ ಯಾವ ಕೆಲಸವನ್ನೂ ತರಲಾರಳು ಎಂದು ನನಗೆ ಗೊತ್ತಿತ್ತು.

ಕೊನೆಗೆ ಒಂದು ಪಟ್ಟಿ ಒಣಗಿ ಬಂತು. ಹುಡುಗಿ ಅದನ್ನು ಚಿತ್ರದ ಪಕ್ಕ ಹಿಡಿದಳು. ಸುಳಿ ಸುಳಿ ಕೂದಲನ್ನು ಬೆರಳ ತುದಿಯಿಂದ ಒಂದೊಂದಾಗಿ ಮುಟ್ಟಿದಳು. ಆಮೇಲೆ "ಬಂದ್ಲ್," ಎಂದಳು.

ದೊಡ್ಡ ಬ್ಯಾನರುಗಳು ಒಂದೊಂದಾಗಿ ಹೊರಬಂದವು. ಮೀನು ಮಾರುವ ಹುಡುಗಿಯದು ಕೊನೆಯದು. ಅದರ ಹಣೆ, ಕಣ್ಣು ಬಂದು, ಬಾಯಿ, ಗಲ್ಲ ಬಟ್ಟೆಯ ಮೇಲೆ ಮೂಡುತ್ತಿದ್ದವು. ತಂಗಿ ಬಾಗಿಲಲ್ಲಿ ನಿಂತು ಆ ಪರೀಕ್ಷೆಯ ಪಟ್ಟಿಯನ್ನು ತಿರುಗಿಸಿ ನೋಡುತ್ತಿದ್ದಳು. ಯಾಕೋ ಅದನ್ನು ತನ್ನ ಮುಂಗೈಯ ಮೇಲೆ ಇಟ್ಟುಕೊಂಡಳು. ಬಿಸಿಲಿನಲ್ಲಿ ಪಟ್ಟಿ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ನನಗೆ ಥಟ್ಟನೆ ತಿಳಿಯಲಿಲ್ಲ. ಬೆಳಗಿನಿಂದ ನಾನು ಹುಡುಕುತ್ತಿದ್ದ ಬಣ್ಣ ಅದು. ನನ್ನ ಜತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಬಣ್ಣ.

ಹೇಳಬೇಕಾದದ್ದನ್ನು ಕೂತಲ್ಲಿಂದಲೇ ಹೇಳಿದೆ. ಮಿಷನ್ನಿನ ಗಾಳಿಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

"ಎಂತ?" ಎಂದಳು ಅವಳು.

ಪ್ರಿಂಟ್ ಹೋಗುವಾಗ ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಬಟ್ಟೆಯ ಮೇಲೆ ಅಡ್ಡಗೆರೆ ಉಳಿಯುತ್ತದೆ. ಈ ಕೆಲಸದಲ್ಲಿ ನಾನು ಮೊದಲು ಕಲಿತ ಪಾಠ ಅದು. ಆ ಗೆರೆ ಈಗಲೂ ಇದೆ, ಬ್ಯಾನರಿನ ಹುಡುಗಿಯ ಗಲ್ಲದ ಕೆಳಗೆ, ಕೂದಲೆಳೆಯಷ್ಟು. ಬೈಂದೂರಿನ ಶಾಲೆಯಲ್ಲಿ, ಬ್ರಹ್ಮಾವರದಲ್ಲಿ, ಪುಸ್ತಕ ನೋಡಲು ಬಂದ ಮಕ್ಕಳು ಅದೇನೆಂದು ಕೇಳಿದ್ದಾರಂತೆ. "ನಮ್ಮಕ್ಕ ಅಲ್ಲಿ ಮಿಷನ್ ನಿಲ್ಸಿದ್ಲ್," ಎಂದಷ್ಟೇ ತಂಗಿ ಹೇಳುತ್ತಾಳೆ.

ನಾನು ಕೆಂಪು ಗುಂಡಿ ಒತ್ತಿದೆ. ಯಜಮಾನರು ಪೇಪರ್ ಬಿಸಾಡಿ ಎದ್ದರು. "ಹ್ವಾಯ್, ಗೆರೆ ಬೀಳ್ತ್ ಮಾರಾಯ್ತಿ!"

"ಬೀಳ್ಲಿ," ಎಂದೆ. ಮಿಷನ್ನಿನ ಸದ್ದು ನಿಂತಿತು. ನಾನು ಎದ್ದು ಅವಳೆದುರು ನಿಂತೆ.

"ಆ ಚೀಲ ನಾನ್ ಬಿಚ್ಚಲೇ ಇಲ್ಲ, ತಂಗಿ. ಕಂಡೆ ಅಂದೇಳಿ ಮಕ್ಕಳ ಎದ್ರಿಗೆ ನಿಂಗೆ ಸುಳ್ಳ್ ಹೇಳ್ದೆ. ನಿನ್ನ ಮದಿ ಕಮಾನಿನ ಮೇಲೆ ನಿನ್ನ ಮೋರೆ ಅಳ್ಸಿದ್ದೂ ನಾನೇ. ಯಾರೂ ಹೇಳ್ಲಿಲ್ಲ, ನಾನೇ ಒತ್ತಿದ್ದ್. ಎಲ್ಲರ ಒಟ್ಟಿಗೆ ನಾನೂ ನೆಗಾಡ್ದೆ. ನಿನ್ನ ಮೋರೆ ಇದ್ದ ಹಾಂಗೇ ಚೆಂದ ಇದ್ದಿತ್, ಆಗ್ಳೂ ಗೊತ್ತಿದ್ದಿತ್ ನಂಗೆ. ತಪ್ಪಾಯ್ತ್ ತಂಗಿ. ನಂದ್ ತಪ್ಪಾಯ್ತ್."